ಶಾರ್ಕಿಗೆ ಯಾವ ಬಣ್ಣ?

ಮಕ್ಕಳಿಗೆ ಬಣ್ಣ ತುಂಬಲಿಕ್ಕೆ ಅಂತ ಬರುವ ಪುಸ್ತಕಗಳನ್ನು ಗಮನಿಸಿದ್ದೀರಾ? ಆನೆ ನಗುತ್ತಿರುತ್ತದೆ. ಸಿಂಹವೂ ನಗುತ್ತಿರುತ್ತದೆ. ಮೊಸಳೆ ಕೂಡ ತಲೆಗೆ ಟೊಪ್ಪಿ ಹಾಕಿಕೊಂಡು ಒಳ್ಳೆಯ ಮನುಷ್ಯನ ಹಾಗೆ ನಿಂತಿರುತ್ತದೆ. ಶಾರ್ಕ್ ಮಾತ್ರ ಯಾವ ಪುಸ್ತಕದಲ್ಲಿ ನೋಡಿದರೂ ಹಲ್ಲು ಕಿಸಿದುಕೊಂಡೇ ಇರುತ್ತದೆ. ಪಕ್ಕದಲ್ಲಿ ಒಂದು ಚಿಕ್ಕ ಮೀನು ಹೆದರಿ ಓಡುತ್ತಿರುತ್ತದೆ. ಬಣ್ಣ ತುಂಬುವ ಮೊದಲೇ ಮಗುವಿಗೆ ಗೊತ್ತಾಗಿಬಿಡುತ್ತದೆ, ಇವರಲ್ಲಿ ವಿಲನ್ ಯಾರು ಅಂತ.

ನಾನು ಬಿಕಾಂ ಓದಿದವನು. ಗಂಗೊಳ್ಳಿ ಕಡೆಯಿಂದ ಮುಂಬೈಗೆ ಬಂದು ಮೂವತ್ತಮೂರು ವರ್ಷ ಆಯಿತು. ಇಷ್ಟೂ ವರ್ಷ ಬ್ಯಾಂಕಿನಲ್ಲಿ ಡೆಬಿಟ್, ಕ್ರೆಡಿಟ್ ನೋಡಿದ್ದೇ ಹೊರತು ಮೀನಿನ ಜೀವಶಾಸ್ತ್ರ ಅಲ್ಲ. ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದ ರೂಮ್‌ಮೇಟ್ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ‘ಡಾಗ್‌ಫಿಶ್’ ಕೊಯ್ದು ಬಂದ ದಿನ ಅವನ ಹತ್ತಿರ ಕೂರಲಿಕ್ಕೆ ಆಗುತ್ತಿರಲಿಲ್ಲ, ಅಷ್ಟು ಫಾರ್ಮಾಲಿನ್ ವಾಸನೆ. ಆ ಡಾಗ್‌ಫಿಶ್ ಅಂದರೆ ನಮ್ಮ ಕರಾವಳಿಯ ಒಂದು ಪುಟ್ಟ ಶಾರ್ಕ್ ಅಂತ ನನಗೆ ಗೊತ್ತಾದದ್ದು ಈಗ, ಐವತ್ತೆಂಟನೇ ವಯಸ್ಸಿನಲ್ಲಿ. ಗೊತ್ತು ಮಾಡಿಸಿದವನು ಐದು ವರ್ಷದ ಮೊಮ್ಮಗ.

ಕಳೆದ ಮಳೆಗಾಲದಲ್ಲಿ ಮಗಳು ಎರಡನೇ ಹೆರಿಗೆಗೆ ಅಂತ ನಮ್ಮ ಮುಲುಂಡಿನ ಮನೆಗೆ ಬಂದಳು. ಜೊತೆಗೆ ಪುಟ್ಟನೂ ಬಂದ. ಜುಲೈ ಕೊನೆಗೆ ಅವನಿಗೆ ತಂಗಿ ಹುಟ್ಟಿದಳು. ಮನೆಯಲ್ಲಿ ಎಲ್ಲರಿಗೂ ಒಂದೊಂದು ಡ್ಯೂಟಿ ಬಿತ್ತು. ನನಗೆ ಬಿದ್ದದ್ದು ಭಾನುವಾರ ಪೂರ್ತಿ ಪುಟ್ಟನನ್ನು ನೋಡಿಕೊಳ್ಳುವುದು, ಅದೂ ಸದ್ದಿಲ್ಲದೆ. ಬಾಣಂತಿ ಮಲಗಿರುವ ಮನೆಯಲ್ಲಿ ಕ್ರಿಕೆಟ್ ಆಡಿಸಲಿಕ್ಕೆ ಆಗುತ್ತದೆಯೇ? ಅವನಿಗೆ ಶಾರ್ಕ್ ಅಂದರೆ ಪ್ರಾಣ. ಸರಿ, ಶಾರ್ಕಿನ ಚಿತ್ರಗಳನ್ನು ಪ್ರಿಂಟ್ ತೆಗೆದೆ, ಕ್ರೇಯಾನ್ ಡಬ್ಬ ತಂದೆ, ಇಬ್ಬರೂ ನೆಲದ ಮೇಲೆ ಕೂತೆವು. ಇನ್ನೊಂದು ಒಳ ಉದ್ದೇಶವೂ ಇತ್ತು ಅನ್ನಿ. ಅಳಿಯ ಮರಾಠಿಯವರು. ಹುಡುಗ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಹಿಂದಿ. ಭಾನುವಾರದ ಎರಡು ಗಂಟೆಯಾದರೂ ಅವನ ಕಿವಿಗೆ ಕನ್ನಡ ಬೀಳಲಿ ಅಂತ.

ಮೊದಲನೇ ದಿನವೇ ಪ್ರಶ್ನೆ ಬಂತು. "ಅಜ್ಜ, ಗ್ರೇ ಕಲರಿಗೆ ಕನ್ನಡದಲ್ಲಿ ಏನು?"

"ಬೂದು ಬಣ್ಣ. ಬೂದಿ ಇರ್ತದಲ್ಲ, ಹಾಗೆ."

"ಬೂದಿ ಅಂದ್ರೆ?"

ಹುಟ್ಟಿದಾಗಿನಿಂದ ಗ್ಯಾಸ್ ಒಲೆ ನೋಡಿದ ಹುಡುಗನಿಗೆ ಬೂದಿ ಎಲ್ಲಿಂದ ತೋರಿಸುವುದು? ಕೊನೆಗೆ ದೇವರ ಮುಂದಿನ ಊದುಬತ್ತಿಯ ಬೂದಿಯನ್ನು ಬೆರಳಿಗೆ ಹಚ್ಚಿ ತೋರಿಸಿದೆ. ಅವನು ಆ ಬೆರಳನ್ನು ಹಾಗೇ ಶಾರ್ಕಿನ ಬೆನ್ನಿಗೆ ಉಜ್ಜಿದ. ಬಣ್ಣ ಸರಿಯಾಗಿಯೇ ಕೂತಿತು!

ಆಮೇಲೆ ಹೊಟ್ಟೆಗೂ ಅದೇ ಬಣ್ಣ ಬಳಿಯಲಿಕ್ಕೆ ಹೋದ. ಬೇಡ, ಹೊಟ್ಟೆ ಬಿಳಿ ಇರಲಿ ಅಂದೆ. ಯಾಕೆ ಅಂದ. ರಾತ್ರಿ ಕೂತು ಓದಿಕೊಂಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ನೋಡಿ, ತುಂಬ ಜಾತಿಯ ಶಾರ್ಕುಗಳಿಗೆ ಬೆನ್ನು ಗಾಢ, ಹೊಟ್ಟೆ ತಿಳಿ. ಮೇಲಿನಿಂದ ನೋಡುವ ಪ್ರಾಣಿಗೆ ಗಾಢ ಬೆನ್ನು ಕೆಳಗಿನ ಕತ್ತಲ ನೀರಿನಲ್ಲಿ ಕರಗಿಹೋಗುತ್ತದೆ. ಕೆಳಗಿನಿಂದ ನೋಡುವುದಕ್ಕೆ ಬಿಳಿ ಹೊಟ್ಟೆ ಮೇಲಿನ ಬೆಳಕಿನಲ್ಲಿ ಸೇರಿಹೋಗುತ್ತದೆ. ಇದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಹಿಡಿಸುವುದಿಲ್ಲ. ಬಣ್ಣ ಹಚ್ಚಿದ ಶಾರ್ಕನ್ನು ಕತ್ತರಿಸಿ, ಒಮ್ಮೆ ಕಡುನೀಲಿ ಹಾಳೆಯ ಮೇಲೆ, ಒಮ್ಮೆ ಬಿಳಿ ಹಾಳೆಯ ಮೇಲೆ ಇಟ್ಟು ದೂರದಿಂದ ನೋಡು ಅನ್ನಿ. ಅರ್ಧ ಶಾರ್ಕ್ ಮಾಯ ಆಗುತ್ತದೆ. ಪುಟ್ಟ ಇದನ್ನು ಮ್ಯಾಜಿಕ್ ಅಂತ ಅಮ್ಮಮ್ಮನಿಗೂ ತೋರಿಸಿ ಬಂದ.

ಅವನಿಗೆ ಶಾರ್ಕ್ ಹುಚ್ಚು ಹಿಡಿದದ್ದು ಆ ‘ಬೇಬಿ ಶಾರ್ಕ್’ ಹಾಡಿನಿಂದ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಹೇಳಬೇಕಾಗಿಲ್ಲ. ಕೊರಿಯಾದ ಪಿಂಕ್‌ಫಾಂಗ್ ಕಂಪನಿ 2016ರಲ್ಲಿ ಬಿಟ್ಟ ವಿಡಿಯೋ. 2022ರ ಜನವರಿಯಲ್ಲಿ ಯೂಟ್ಯೂಬಿನಲ್ಲಿ ಸಾವಿರ ಕೋಟಿ ಸಲ ನೋಡಿಸಿಕೊಂಡ ಮೊದಲ ವಿಡಿಯೋ ಆಯಿತು. ಅದರಲ್ಲಿ ಮರಿ ಹಳದಿ, ಅಮ್ಮ ಗುಲಾಬಿ, ಅಪ್ಪ ನೀಲಿ, ಅಜ್ಜ ಹಸಿರು. ಅಜ್ಜನ ಸರದಿ ಬಂದಾಗ ಮಕ್ಕಳು ಬೆರಳು ಮಡಚಿ ಬೊಚ್ಚು ಬಾಯಿ ಮಾಡಿ ತೋರಿಸುತ್ತಾರೆ. ಇದಕ್ಕೆ ಮಾತ್ರ ನಾನು ಅಜ್ಜಂದಿರ ಪರವಾಗಿ ಆಕ್ಷೇಪಣೆ ಎತ್ತಿದೆ. ಶಾರ್ಕ್ ಎಷ್ಟೇ ಮುದಿಯಾದರೂ ಬೊಚ್ಚು ಆಗುವುದಿಲ್ಲ ಸ್ವಾಮಿ. ಅದರ ಬಾಯಲ್ಲಿ ಹಲ್ಲುಗಳು ಸಾಲುಸಾಲಾಗಿ ಒಂದರ ಹಿಂದೆ ಒಂದು ಕಾದಿರುತ್ತವೆ. ಮುಂದಿನದು ಬಿದ್ದರೆ ಹಿಂದಿನದು ಮುಂದೆ ಬರುತ್ತದೆ. ಜೀವಮಾನದಲ್ಲಿ ಸಾವಿರಾರು ಹಲ್ಲು. ನನ್ನದು ಈಗಾಗಲೇ ಎರಡು ರೂಟ್ ಕೆನಾಲ್, ಒಂದು ಬ್ರಿಜ್. ಬಿಲ್ಲು ನೆನಪಾದಾಗಲೆಲ್ಲ ಶಾರ್ಕಿನ ಮೇಲೆ ಹೊಟ್ಟೆಕಿಚ್ಚು ಬರುತ್ತದೆ.

ಬಣ್ಣದ ವಿಷಯದಲ್ಲಿ ಆ ಹಾಡನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಶಾರ್ಕಿನಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆಯಂತೆ. ಬ್ಲೂ ಶಾರ್ಕ್ ನಿಜವಾಗಿಯೂ ನೀಲಿ. ಆಳ ಸಮುದ್ರದ ಗಾಬ್ಲಿನ್ ಶಾರ್ಕ್ ಗುಲಾಬಿ. ಟೈಗರ್ ಶಾರ್ಕಿಗೆ ಮರಿಯಾಗಿದ್ದಾಗ ಪಟ್ಟೆ ಎದ್ದು ಕಾಣುತ್ತದೆ, ವಯಸ್ಸಾದಂತೆ ಮಾಸುತ್ತದೆ. ಪುಟ್ಟನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಜೀಬ್ರಾ ಶಾರ್ಕ್. ಮರಿಗೆ ಜೀಬ್ರಾದ ಹಾಗೆ ಪಟ್ಟೆ, ದೊಡ್ಡದಾದ ಮೇಲೆ ಪಟ್ಟೆ ಹೋಗಿ ಚಿರತೆಯ ಹಾಗೆ ಚುಕ್ಕೆ! ಒಂದೇ ಹಾಳೆಯಲ್ಲಿ ಮರಿಯನ್ನೂ ತಾಯಿಯನ್ನೂ ಬರೆದುಕೊಟ್ಟೆ. ಒಂದಕ್ಕೆ ಪಟ್ಟೆ ಎಳೆದ, ಇನ್ನೊಂದಕ್ಕೆ ಚುಕ್ಕೆ ಇಟ್ಟ. "ನಮ್ಮ ಪಾಪುನೂ ದೊಡ್ಡದಾದ್ರೆ ಬೇರೆ ಥರ ಆಗ್ತದಾ?" ಅಂತ ಕೇಳಿದ. ಆಗ್ತದೆ ಅಂದೆ.

ಇಷ್ಟೆಲ್ಲ ಬಣ್ಣ ಹಚ್ಚಿದ ಮೇಲೆ ಒಂದು ತಮಾಷೆ ಹೇಳಬೇಕು. ಶಾರ್ಕಿಗೇ ಬಣ್ಣ ಕಾಣುವುದು ಅನುಮಾನ. ಆಸ್ಟ್ರೇಲಿಯಾದ ವಿಜ್ಞಾನಿಗಳು 17 ಜಾತಿಯ ಶಾರ್ಕುಗಳ ಕಣ್ಣನ್ನು ಪರೀಕ್ಷೆ ಮಾಡಿ 2011ರಲ್ಲಿ ವರದಿ ಕೊಟ್ಟರು. ಬಣ್ಣ ಗುರುತಿಸಲಿಕ್ಕೆ ಕಣ್ಣಿನಲ್ಲಿ ಒಂದು ಬಗೆಯ ಕೋಶ ಬೇಕು. ನಮಗೆ ಅದರಲ್ಲಿ ಮೂರು ವಿಧ ಇದೆ. ಅವರು ನೋಡಿದ ಹತ್ತು ಜಾತಿಗಳಲ್ಲಿ ಆ ಕೋಶವೇ ಸಿಗಲಿಲ್ಲ, ಉಳಿದ ಏಳರಲ್ಲಿ ಒಂದೇ ಒಂದು ವಿಧ ಇತ್ತು. ಬಹುಶಃ ಅವುಗಳಿಗೆ ಲೋಕವೇ ಹಳೆಯ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾದ ಹಾಗೆ. ಅದರ ಬದಲು ಬೇರೆ ಸೌಲಭ್ಯ ಇದೆ. ಮೂತಿಯ ಮೇಲೆ ಸಣ್ಣ ಸಣ್ಣ ರಂಧ್ರಗಳಿದ್ದು, ಮರಳಿನಲ್ಲಿ ಅಡಗಿ ಕೂತ ಮೀನಿನ ಮೈಯಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನೂ ಅದು ಹಿಡಿಯುತ್ತದೆ. ಮೈಯಲ್ಲಿ ಒಂದು ಮೂಳೆಯೂ ಇಲ್ಲ, ಇರುವುದೆಲ್ಲ ಮೃದ್ವಸ್ಥಿ. ಮಕ್ಕಳಿಗೆ ಹೇಳುವಾಗ "ನಿನ್ನ ಕಿವಿ ಮುಟ್ಟಿ ನೋಡು, ಬಗ್ಗುತ್ತದಲ್ಲ, ಅದೇ" ಅನ್ನಿ. ಹೇಳಿದ ಮೇಲೆ ಹತ್ತು ನಿಮಿಷ ನಿಮ್ಮ ಕಿವಿಯನ್ನೂ ಬಗ್ಗಿಸುತ್ತಾರೆ, ತಡೆದುಕೊಳ್ಳಬೇಕು.

ಮೂರನೇ ಭಾನುವಾರ ತಿಮಿಂಗಿಲ ಶಾರ್ಕ್, ಅಂದರೆ ವೇಲ್ ಶಾರ್ಕ್. ಹೆಸರಲ್ಲಿ ತಿಮಿಂಗಿಲ ಇದ್ದರೂ ಇದು ಮೀನೇ, ಪ್ರಪಂಚದ ಎಲ್ಲಕ್ಕಿಂತ ದೊಡ್ಡ ಮೀನು. ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು, ಮೀನಿನ ಮೊಟ್ಟೆಗಳನ್ನು. ಇದರ ಮೈಮೇಲೆ ಬಿಳಿ ಚುಕ್ಕೆಗಳ ರಂಗೋಲಿ. ಬಣ್ಣ ಹಚ್ಚಲಿಕ್ಕೆ ಒಂದು ಉಪಾಯ ಇದೆ. ಬಿಳಿ ಹಾಳೆಯ ಮೇಲೆ ಮೊದಲು ಮೇಣದಬತ್ತಿಯಿಂದ ಚುಕ್ಕೆ ಒತ್ತಬೇಕು. ಆಗ ಏನೂ ಕಾಣುವುದಿಲ್ಲ. ಮೇಲಿನಿಂದ ನೀಲಿ ವಾಟರ್ ಕಲರ್ ಬಳಿದರೆ ಮೇಣ ಇರುವ ಕಡೆ ಬಣ್ಣ ಹಿಡಿಯದೆ ಚುಕ್ಕೆಗಳು ಒಂದೊಂದಾಗಿ ಎದ್ದು ಬರುತ್ತವೆ. ಒಂದು ಶಾರ್ಕಿನ ಚುಕ್ಕೆಗಳ ಜೋಡಣೆ ಇನ್ನೊಂದಕ್ಕೆ ಇರುವುದಿಲ್ಲ. ಆಕಾಶದ ನಕ್ಷತ್ರಗಳನ್ನು ಗುರುತಿಸಲಿಕ್ಕೆ ಖಗೋಳ ವಿಜ್ಞಾನಿಗಳು ಮಾಡಿಕೊಂಡಿದ್ದ ಲೆಕ್ಕದ ವಿಧಾನವನ್ನೇ ಬಳಸಿ, ಫೋಟೋ ನೋಡಿ ಇದು ಯಾವ ಶಾರ್ಕ್ ಅಂತ ಹೇಳುತ್ತಾರೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ಗುರುತು ನೋಡಿ ಪೆನ್ಷನ್ ಕೊಟ್ಟವನಿಗೆ ಇದು ಬೇಗ ಅರ್ಥ ಆಯಿತು. ಪುಟ್ಟನ ಹೆಬ್ಬೆಟ್ಟಿಗೆ ಸ್ಟ್ಯಾಂಪ್ ಪ್ಯಾಡಿನ ಇಂಕು ಹಚ್ಚಿ ಅವನ ಚಿತ್ರದ ಕೆಳಗೆ ಒತ್ತಿಸಿದೆ, ಸಹಿಯ ಜಾಗದಲ್ಲಿ.

ಎಷ್ಟು ದೊಡ್ಡದು ಅಂತ ಕೇಳಿದ. ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಟೇಪು, ಸೀಮೆಸುಣ್ಣ ತೆಗೆದುಕೊಂಡು ಸೊಸೈಟಿಯ ಕಾಂಪೌಂಡಿಗೆ ಇಳಿದೆವು. ಹನ್ನೆರಡು ಮೀಟರ್ ಅಳೆದು ಗೆರೆ ಎಳೆದೆವು. ಅದಕ್ಕಿಂತ ಉದ್ದದವೂ ಇವೆ, ಆದರೆ ಗೇಟು ಅಡ್ಡ ಬಂತು. ಮೂರು ಕಾರು ನಿಲ್ಲುವ ಜಾಗವನ್ನು ಒಂದು ಶಾರ್ಕ್ ಹಿಡಿದುಕೊಂಡಿತು. ಸೆಕ್ರೆಟರಿ ಬಾಲ್ಕನಿಯಿಂದ ಬಗ್ಗಿ ಏನಿದು ಅಂದರು. "ವಿಸಿಟರ್ ಪಾರ್ಕಿಂಗ್" ಅಂದೆ. ಸ್ವಲ್ಪ ಹೊತ್ತಿನಲ್ಲಿ ಬಿಲ್ಡಿಂಗಿನ ಮಕ್ಕಳೆಲ್ಲ ಸೇರಿ ಚುಕ್ಕೆ ಇಡುತ್ತಿದ್ದರು. ಸಂಜೆ ಮಳೆ ಬಂದು ತೊಳೆದುಕೊಂಡು ಹೋಯಿತು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಅಷ್ಟರಲ್ಲಿ ನಾರಳಿ ಪೂರ್ಣಿಮೆ ಮುಗಿದಿತ್ತು. ಮುಂಬೈಯಲ್ಲಿದ್ದವರಿಗೆ ಗೊತ್ತು, ಕೋಳಿಗಳು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುವ ಹಬ್ಬ. ಮಾರ್ಕೆಟ್ಟಿಗೆ ತಾಜಾ ಮೀನು ಬರಲಿಕ್ಕೆ ಶುರು. ಮನೆಯವಳು ಮೀನು ಮಾರುವ ಮಾವಶಿಗೆ ಮೊದಲೇ ಹೇಳಿಟ್ಟಿದ್ದಳು, ಮನೆಯಲ್ಲಿ ಬಾಣಂತಿ ಇದ್ದಾಳೆ, ‘ಮುಶಿ’ ಬಂದರೆ ತಾ ಅಂತ. ಮುಶಿ ಅಂದರೆ ಮರಾಠಿಯಲ್ಲಿ ಸಣ್ಣ ಶಾರ್ಕ್. ನಮ್ಮ ಕರಾವಳಿಯಲ್ಲಿ ತಾಟೆ ಅನ್ನುತ್ತೇವೆ. ಬಾಣಂತಿಗೆ ತಾಟೆ ಕೊಟ್ಟರೆ ಎದೆಹಾಲು ಹೆಚ್ಚುತ್ತದೆ ಅನ್ನುವುದು ನಮ್ಮ ಕಡೆ ತಲೆತಲಾಂತರದ ನಂಬಿಕೆ. ತಮಿಳರಲ್ಲಿ ಪಾಲ್ ಸುರಾ ಅಂತಲೇ ಇದೆ, ಹಾಲು ಶಾರ್ಕ್. ಇಂಗ್ಲಿಷಿನಲ್ಲಿ ಒಂದು ಜಾತಿಗೆ ಮಿಲ್ಕ್ ಶಾರ್ಕ್ ಅನ್ನುವ ಹೆಸರು ಬಂದಿದ್ದೂ ನಮ್ಮ ದೇಶದ ಈ ನಂಬಿಕೆಯಿಂದಲೇ.

ಭಾನುವಾರ ಬೆಳಿಗ್ಗೆ ಮಾವಶಿ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಪುಟ್ಟ ಓಡಿ ಬಂದು ನೋಡಿದ. ಮೂರು ಸಣ್ಣ ಮುಶಿಗಳು. ಬೆನ್ನು ಬೂದು, ಹೊಟ್ಟೆ ಬಿಳಿ. ಅವನು ಮುಟ್ಟಿದ. ಬಾಲದ ಕಡೆಯಿಂದ ತಲೆಯ ಕಡೆಗೆ ಸವರಿದರೆ ಉಪ್ಪುಕಾಗದದ ಹಾಗೆ ಒರಟು. ಶಾರ್ಕಿನ ಚರ್ಮದ ತುಂಬ ಹಲ್ಲಿನಂಥದೇ ಪುಟ್ಟ ಹುರುಪೆಗಳಿರುತ್ತವೆ, ಹಿಂದೆ ಬಡಗಿಗಳು ಮರ ನಯ ಮಾಡಲಿಕ್ಕೆ ಅದನ್ನೇ ಬಳಸುತ್ತಿದ್ದರಂತೆ. ಎರಡು ವಾರದ ಹಿಂದೆ ನಾನು ಹೇಳಿದ್ದನ್ನು ಅವನು ಬೆರಳಿನಲ್ಲಿ ಪರೀಕ್ಷೆ ಮಾಡಿ ಖಚಿತ ಮಾಡಿಕೊಂಡ. ಆಮೇಲೆ ಕೇಳಿದ, "ಅಜ್ಜ, ಇದು ಮರಿಯಾ, ದೊಡ್ಡದಾ?"

ಅದಕ್ಕೆ ಉತ್ತರ ಬುಟ್ಟಿ ನೋಡಿ ಹೇಳಲಿಕ್ಕೆ ಆಗುವಂಥದ್ದಲ್ಲ. ದೊಡ್ಡದಾದರೂ ಮೊಳದಷ್ಟೇ ಇರುವ ಜಾತಿಗಳಿವೆ. ದೊಡ್ಡ ಜಾತಿಯ ಮರಿಗಳೂ ಅದೇ ಅಳತೆಯಲ್ಲಿ ಬುಟ್ಟಿಗೆ ಬರುತ್ತವೆ. ಆದರೆ ಅವನ ಪ್ರಶ್ನೆ ಸರಿಯಾದ ಪ್ರಶ್ನೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ ಕೇಳಿ. ಬೂತಾಯಿ, ಬಂಗುಡೆ ಇವೆಲ್ಲ ಸೇವಿಂಗ್ಸ್ ಖಾತೆಯ ಹಾಗೆ. ಬೇಗ ಬೆಳೆಯುತ್ತವೆ, ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ, ತೆಗೆದಷ್ಟೂ ಮತ್ತೆ ಜಮಾ ಆಗುತ್ತಿರುತ್ತದೆ, ಅದಕ್ಕೂ ಒಂದು ಮಿತಿ ಇದೆ ಅನ್ನಿ. ಶಾರ್ಕ್ ಹಾಗಲ್ಲ. ಅದು ಅಜ್ಜ ಇಟ್ಟುಹೋದ ದೀರ್ಘಾವಧಿ ಠೇವಣಿ. ಬಡ್ಡಿ ತೀರಾ ಕಡಿಮೆ. ಹೆಣ್ಣು ಗ್ರೇಟ್ ವೈಟ್ ತಾಯಿಯಾಗಲಿಕ್ಕೆ ಮೂವತ್ತು ವರ್ಷದ ಆಸುಪಾಸು ಬೇಕು. ಉತ್ತರದ ತಣ್ಣನೆ ಸಮುದ್ರದ ಗ್ರೀನ್‌ಲ್ಯಾಂಡ್ ಶಾರ್ಕಿಗೆ ಸುಮಾರು ನೂರೈವತ್ತು ವರ್ಷ ಅಂತ 2016ರ ಒಂದು ಅಧ್ಯಯನ ಅಂದಾಜು ಮಾಡಿದೆ. ಹೆತ್ತರೂ ಬಹುಪಾಲು ಜಾತಿಗಳಿಗೆ ಕೆಲವೇ ಮರಿ. ಇಂಥ ಖಾತೆಯಿಂದ ವರ್ಷ ವರ್ಷ ಬಡ್ಡಿಗಿಂತ ಹೆಚ್ಚು ತೆಗೆದರೆ ಅಸಲು ಕರಗುತ್ತದೆ. 40 ಕೋಟಿ ವರ್ಷದ ಹಿಂದೆ, ಡೈನೋಸಾರ್ ಹುಟ್ಟುವುದಕ್ಕೂ ಎಷ್ಟೋ ಮೊದಲು ತೆರೆದ ಖಾತೆ ಅದು. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ 1970ರಿಂದೀಚೆಗೆ 71 ಪರ್ಸೆಂಟ್ ಇಳಿದಿದೆ. ನಾನು ಎಸ್ಸೆಸ್ಸೆಲ್ಸಿ ಓದುವ ಮೊದಲೇ ಶುರುವಾದ ವಿತ್‌ಡ್ರಾವಲ್, ನನ್ನ ಸರ್ವಿಸ್ ಮುಗಿಯುವ ಹೊತ್ತಿಗೆ ಇಲ್ಲಿಗೆ ಬಂದಿದೆ.

ಇನ್ನು ಹೆದರಿಕೆಯ ಲೆಕ್ಕ. ಪ್ರಪಂಚದಾದ್ಯಂತ ಶಾರ್ಕ್ ಕಚ್ಚಿ ಸಾಯುವವರು ಸಾಮಾನ್ಯವಾಗಿ ವರ್ಷಕ್ಕೆ ಹತ್ತು ಜನರ ಆಸುಪಾಸು, ಎಷ್ಟೋ ವರ್ಷ ಅದಕ್ಕಿಂತ ಕಡಿಮೆ. ಮನುಷ್ಯರು ಕೊಲ್ಲುವ ಶಾರ್ಕುಗಳು ವರ್ಷಕ್ಕೆ ಸುಮಾರು 10 ಕೋಟಿ ಅಂತ 2013ರ ಒಂದು ಅಂದಾಜು. 1975ರಲ್ಲಿ ‘ಜಾಸ್’ ಸಿನಿಮಾ ಬಂದು ಲೋಕವನ್ನೇ ಹೆದರಿಸಿತಲ್ಲ, ಅದರ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಆಮೇಲಿನ ಜೀವನವನ್ನು ಶಾರ್ಕ್ ಉಳಿಸುವ ಕೆಲಸಕ್ಕೇ ಕೊಟ್ಟರು. ನಿರ್ದೇಶಕ ಸ್ಪೀಲ್‌ಬರ್ಗ್ ಕೂಡ 2022ರಲ್ಲಿ ಶಾರ್ಕುಗಳಿಗೆ ಆದ ಹಾನಿಯ ಬಗ್ಗೆ ವಿಷಾದ ಹೇಳಿದರು. ಬಣ್ಣದ ಪುಸ್ತಕ ಅಚ್ಚು ಹಾಕುವವರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ನಾನು ಇದನ್ನೆಲ್ಲ ಅಡುಗೆಮನೆಯಲ್ಲಿ ಹೇಳಲಿಕ್ಕೆ ಹೋದೆ. ಮನೆಯವಳು ಕತ್ತಿ ಕೆಳಗಿಟ್ಟು ನೋಡಿದಳು. "ಹ್ವಾಯ್, ನಾನ್ ಎರಡ್ ಹೆತ್ತಿದೆ. ಎರಡ್ ಸಲವೂ ತಾಟೆ ಸಾರೇ ಉಂಡದ್ದ್. ಮಕ್ಕಳಿಗೆ ಎಂತ ಆಯ್ತ್?"

ಅವಳ ಮಾತನ್ನು ಹಗುರ ಮಾಡಲಾರೆ. ನಮ್ಮ ಅಮ್ಮಂದಿರ ಕಾಲದಲ್ಲಿ ಬಾಣಂತಿಗೆ ಪುಷ್ಟಿಯ ಊಟ ಅಂತ ಸಿಗುತ್ತಿದ್ದದ್ದೇ ಮೀನು. ತಾಟೆಯಲ್ಲಿ ಮುಳ್ಳಿನ ಕಾಟ ಇಲ್ಲ, ತಿನ್ನಲಿಕ್ಕೆ ಸುಲಭ. ಮೀನು ಹಿಡಿಯುವವನ ಹೊಟ್ಟೆಪಾಡೂ ಅದರಲ್ಲಿ ಇದೆ. ದೋಣಿಯಲ್ಲಿ ಹೋಗಿ ನಾಲ್ಕು ತಾಟೆ ತಂದ ಗಂಗೊಳ್ಳಿಯ ಮನುಷ್ಯ ಸಮುದ್ರ ಬರಿದು ಮಾಡಿದವನಲ್ಲ. ಆದರೂ ಮಗಳು ಮಲಗಿದ್ದಲ್ಲಿಂದಲೇ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದಳು. ಶಾರ್ಕಿನಂಥ ಬೇಟೆಗಾರ ಮೀನುಗಳ ಮಾಂಸದಲ್ಲಿ ಪಾದರಸ ಸೇರಿಕೊಂಡಿರುತ್ತದೆ, ಸಣ್ಣ ಮೀನು ತಿಂದು ತಿಂದು ಒಟ್ಟುಗೂಡಿದ್ದು. ಹಾಲೂಡಿಸುವ ತಾಯಂದಿರು ಶಾರ್ಕ್ ತಿನ್ನಬಾರದು ಅಂತ ಅಮೆರಿಕದ ಆಹಾರ ಇಲಾಖೆಯೇ ಪಟ್ಟಿ ಮಾಡಿದೆ. ಡಾಕ್ಟರೂ ಅದನ್ನೇ ಹೇಳಿ, ಬೇರೆ ಸಣ್ಣ ಮೀನು ಕೊಡಿ ಅಂದರು. ಮುಶಿ ವಾಪಸ್ ಬುಟ್ಟಿಗೆ ಹೋಯಿತು, ಕಾಣೆ ಮೀನು ಒಳಗೆ ಬಂತು. "ಡಾಕ್ಟರ್ ಹೇಳಿದ್ದಕ್ಕೆ, ನಿಮ್ಮ ಬ್ಯಾಂಕಿನ ಲೆಕ್ಕಕ್ಕಲ್ಲ" ಅಂತ ಮನೆಯವಳು ಸ್ಪಷ್ಟಪಡಿಸಿದಳು. ಮಾವಶಿ ಆ ಮೂರು ಮುಶಿಗಳನ್ನು ಮೂರನೇ ಮಹಡಿಯಲ್ಲಿ ಮಾರಿ ಹೋದಳು.

ಅವತ್ತು ಮಧ್ಯಾಹ್ನ ಪುಟ್ಟನಿಗೆ ಗುಜರಾತಿನ ಕಥೆ ಹೇಳಿದೆ. ನಡೆದ ಕಥೆ. ಸೌರಾಷ್ಟ್ರದ ಕರಾವಳಿಯಲ್ಲಿ 1990ರ ದಶಕದಲ್ಲಿ ವೇಲ್ ಶಾರ್ಕುಗಳನ್ನು ಎಣ್ಣೆಗೆ, ಮಾಂಸಕ್ಕೆ ಬೇಟೆಯಾಡುತ್ತಿದ್ದರು. ಕೊಕ್ಕೆಗೆ ಖಾಲಿ ಬ್ಯಾರಲ್ ಕಟ್ಟಿ ಹಿಡಿಯುತ್ತಿದ್ದುದರಿಂದ ಮೀನಿಗೇ ಬ್ಯಾರಲ್ ಅಂತ ಹೆಸರು ಬಿದ್ದಿತ್ತು. ಮೈಕ್ ಪಾಂಡೆ ಅದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. 2001ರಲ್ಲಿ ಸರಕಾರ ಅದನ್ನು ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರುವ ರಕ್ಷಣೆಯ ಸಾಲಿಗೇ ಸೇರಿಸಿತು. ಕಾಯ್ದೆ ಬಂದರೆ ಆಯಿತೇ? 2004ರಲ್ಲಿ ಕಥಾಕಾರ ಮೊರಾರಿ ಬಾಪು ಮೀನುಗಾರರಿಗೆ ಅವರದೇ ಭಾಷೆಯಲ್ಲಿ ಹೇಳಿದರು: ಇದು ಹೆರಿಗೆಗೆ ತವರಿಗೆ ಬರುವ ಮಗಳು, ಇವಳನ್ನು ಕೊಲ್ಲುತ್ತೀರಾ? ಮೀನಿಗೆ ‘ವ್ಹಾಲಿ’ ಅಂತ ಹೊಸ ಹೆಸರು ಬಂತು, ಮುದ್ದಿನವಳು ಅಂತ ಅರ್ಥ. ಅಲ್ಲಿಂದೀಚೆಗೆ ಬಲೆಗೆ ಸಿಕ್ಕಿದ ನೂರಾರು ವೇಲ್ ಶಾರ್ಕುಗಳನ್ನು ಮೀನುಗಾರರೇ ಬಲೆ ಕತ್ತರಿಸಿ ಬಿಟ್ಟಿದ್ದಾರೆ. ಬಲೆಯ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ.

ಪುಟ್ಟ ಒಳಗಿನ ಕೋಣೆಯ ಕಡೆ ನೋಡಿದ. "ನಮ್ಮ ಆಯಿ ಬಂದ ಹಾಗಾ?" ಅಂದ. ನನಗೆ ಗಂಟಲು ಕಟ್ಟಿತು. ಹೂಂ ಅಂದೆ ಅಷ್ಟೇ.

ಮಕ್ಕಳಿಗೆ ಇಷ್ಟೆಲ್ಲ ಹೇಳಬೇಕಾ, ಬಣ್ಣ ಹಚ್ಚಿಕೊಂಡು ಸುಮ್ಮನೆ ಇರಲಿ ಬಿಡಿ ಅಂತ ಒಬ್ಬ ಸಹೋದ್ಯೋಗಿ ಅಂದರು. 71 ಪರ್ಸೆಂಟ್ ಎಲ್ಲ ನಾನೂ ಅವನಿಗೆ ಹೇಳಿಲ್ಲ, ಅದು ದೊಡ್ಡವರು ತಿಳಿಯಬೇಕಾದ ಲೆಕ್ಕ. ಅವನಿಗೆ ಹೇಳಿದ್ದು ಇಷ್ಟು: ಶಾರ್ಕಿಗೆ ಮರಿ ಕಡಿಮೆ, ದೊಡ್ಡದಾಗಲಿಕ್ಕೆ ತುಂಬ ವರ್ಷ ಬೇಕು, ಅದಕ್ಕೇ ಜೋಪಾನ. ಐದು ವರ್ಷದವನಿಗೆ ಅದು ಅರ್ಥ ಆಗುತ್ತದೆ. ತಂಗಿ ಯಾವಾಗ ದೊಡ್ಡದಾಗಿ ತನ್ನ ಜೊತೆ ಆಡುತ್ತಾಳೆ ಅಂತ ಅವನೂ ಕಾಯುತ್ತಿದ್ದಾನಲ್ಲ.

ಕೊನೆಯದಾಗಿ ನಾವು ಬಿಡಿಸಿದ್ದು ಗಂಗಾ ಶಾರ್ಕ್. ನದಿಯಲ್ಲೂ ಬದುಕುವ, ಪ್ರಪಂಚದಲ್ಲೇ ತೀರಾ ಅಪರೂಪವಾಗಿ ಉಳಿದ ಜಾತಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅರಬ್ಬಿ ಸಮುದ್ರದಲ್ಲಿ ಇದರ ದಾಖಲೆಯೇ ಇರಲಿಲ್ಲ. 2016ರ ಫೆಬ್ರವರಿಯಲ್ಲಿ ಎರಡೂವರೆ ಮೀಟರಿಗಿಂತ ಉದ್ದದ ಒಂದು ಹೆಣ್ಣು ಸಿಕ್ಕಿತು. ಎಲ್ಲಿ ಗೊತ್ತಾ? ನಮ್ಮ ಕೊಲಾಬಾದ ಸಸೂನ್ ಡಾಕಿನಲ್ಲಿ, ಮಾರಾಟಕ್ಕೆ ಇಳಿಸಿದ ಮೀನಿನ ನಡುವೆ. 1875ರ ಆ ಹಳೆಯ ಧಕ್ಕೆಯ ಹತ್ತಿರದ ಬ್ರಾಂಚಿನಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೆ. ಬೆಳಗಿನ ಕ್ಯಾಶ್ ಕೌಂಟರಿಗೆ ಬರುವ ನೋಟುಗಳಲ್ಲೂ ಮೀನಿನ ವಾಸನೆ ಇರುತ್ತಿತ್ತು.

ಈ ಶಾರ್ಕಿಗೆ ಪಟ್ಟೆ ಇಲ್ಲ, ಚುಕ್ಕೆ ಇಲ್ಲ. ಸಾದಾ ಬೂದು. ಹಲ್ಲು ಕಾಣದ ಹಾಗೆ ಬಾಯಿ ಮುಚ್ಚಿಸಿ ಬರೆದುಕೊಟ್ಟಿದ್ದೆ. ಪುಟ್ಟ ನಾಲಿಗೆ ಹೊರಗೆ ಚಾಚಿಕೊಂಡು, ಗೆರೆ ದಾಟದ ಹಾಗೆ, ಒಂದು ಗಂಟೆ ಕೂತು ಬಣ್ಣ ತುಂಬಿದ. ಹೊಟ್ಟೆಯನ್ನು ಬಿಳಿ ಬಿಟ್ಟ. ಪಕ್ಕದಲ್ಲಿ ಒಂದು ಚಿಕ್ಕ ಮರಿಯನ್ನು ತಾನೇ ಸೇರಿಸಿದ, ಅದಕ್ಕೆ ಹಳದಿ ಬಣ್ಣ. ಗಂಗಾ ಶಾರ್ಕಿನ ಮರಿ ಹಳದಿ ಇರುವುದಿಲ್ಲ ಅಂತ ನಾನು ಹೇಳಲಿಲ್ಲ.

ಮುಂದಿನ ವಾರ ಸುತ್ತಿಗೆ ತಲೆಯ ಶಾರ್ಕ್ ಬೇಕಂತೆ. ಡಬ್ಬದಲ್ಲಿ ಉಳಿದ ಬಣ್ಣಗಳೆಲ್ಲ ಹೊಸದರ ಹಾಗೇ ಇವೆ, ಬೂದು ಮಾತ್ರ ಉಗುರಿನಷ್ಟು ಉಳಿದಿದೆ. ಬಿಡಿಯಾಗಿ ಒಂದೇ ಕ್ರೇಯಾನ್ ಕೊಡುವ ಅಂಗಡಿ ಮುಲುಂಡಿನಲ್ಲಿ ಎಲ್ಲಿದೆ, ಯಾರಿಗಾದರೂ ಗೊತ್ತಿದ್ದರೆ ಹೇಳಿ.